ಕಾಯುವವರ ಕಾಯಕ

ಕೋಲಾರದ ಚಿನ್ನದ ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕಾಲೊನಿಗಳಿಗೆ ಅಪಾಯದ ಮೊದಲ ಸುದ್ದಿಯನ್ನು ಮುಟ್ಟಿಸುತ್ತಿದ್ದುದು ನೆಲವೇ. ಕಾಲಡಿಯ ನೆಲ ಒಮ್ಮೆ ಗುಡುಗಿ, ಹಲಗೆಯ ಮೇಲಿನ ತಟ್ಟೆ ಲೋಟಗಳು ಅಲುಗಿದರೆ ಸಾಕು, ಕೆಳಗೆಲ್ಲೋ ಬಂಡೆ ಸಿಡಿದಿದೆ ಎಂದು ಅರ್ಥ. ಗಂಡಂದಿರನ್ನೂ ಮಕ್ಕಳನ್ನೂ ಪಾಳಿಗೆ ಕಳುಹಿಸಿದ ಮನೆಗಳಿಗೆ ಅದಕ್ಕಿಂತ ದೊಡ್ಡ ಭಯ ಇರಲಿಲ್ಲ. ಕೆಳಗಿದ್ದವರೆಲ್ಲ ಮೇಲೆ ಬರಲು ಹವಣಿಸುವ ಆ ಹೊತ್ತಿನಲ್ಲಿ, ಮೇಲಿದ್ದ ಕೆಲವರು ಮಾತ್ರ ಕೆಳಗೆ ಇಳಿಯಲು ಸಿದ್ಧರಾಗಬೇಕಿತ್ತು.

ಗಣಿಗಳು ಮುಚ್ಚಿವೆ. ಆದರೆ ಎಲ್ಲರೂ ದೂರ ಸರಿಯುವ ಕಡೆಗೆ ತಾವು ಹೋಗುವ ಜನರ ಅಗತ್ಯ ಮುಗಿದಿಲ್ಲ. ಇಂದು ಅವರು ಕೈಯಲ್ಲಿ ಸುರಕ್ಷಾ ದೀಪ ಹಿಡಿದು ಶಾಫ್ಟ್ ಇಳಿಯುವುದಿಲ್ಲ; 108 ಎಂದು ಬರೆದ ವಾಹನದಲ್ಲಿ ಬರುತ್ತಾರೆ. ತುರ್ತು ಚಿಕಿತ್ಸಾ ತಂತ್ರಜ್ಞ ಎಂಬುದು ಅವರ ಅಧಿಕೃತ ಹೆಸರು, ರೂಢಿಯಲ್ಲಿ ಇ.ಎಂ.ಟಿ. ಅವರ ಪಕ್ಕದಲ್ಲಿ ಚಾಲಕ, ಇಲಾಖೆಯ ಭಾಷೆಯಲ್ಲಿ ‘ಪೈಲಟ್’. ಇವರ ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಇವರನ್ನು ಕಾಡುವ ಚಿಂತೆಗಳೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬಂಗಾರಪೇಟೆ–ಕೆ.ಜಿ.ಎಫ್. ಸೀಮೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದು ಇರಲಾರದು. ಅಪಾಯದೊಂದಿಗೆ ಶತಮಾನಕ್ಕೂ ಹೆಚ್ಚು ಕಾಲ ಬದುಕಿದ ನೆಲ ಅದು.

ಮೂರು ಕಿಲೋಮೀಟರ್ ಕೆಳಗೆ

ಬಾಲಘಾಟ್, ನಂದಿದುರ್ಗ, ಉರಿಗಾಂ, ಚಾಂಪಿಯನ್ ರೀಫ್, ಮೈಸೂರು – ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತ ಐದು ಗಣಿಗಳಿವು. ನಂದಿಬೆಟ್ಟದ ಹೆಸರನ್ನು ಹೊತ್ತ ನಂದಿದುರ್ಗ ಗಣಿ, ಕೊನೆಯವರೆಗೆ ಉಳಿದ ಮೂರರಲ್ಲಿ ಒಂದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಗಣಿಗಾರಿಕೆ ಆಳಕ್ಕೆ ಇಳಿಯುತ್ತಲೇ ಹೋಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಆಳವನ್ನೂ ದಾಟಿತು.

ಅಷ್ಟು ಆಳದಲ್ಲಿ ಏನಾಗುತ್ತದೆ ಎಂಬುದನ್ನು ಪ್ರೌಢಶಾಲೆಯ ಲೆಕ್ಕದಿಂದಲೇ ತಿಳಿಯಬಹುದು. ಒಂದು ಘನ ಸೆಂಟಿಮೀಟರ್ ಬಂಡೆಯ ತೂಕ ಸುಮಾರು 2.8 ಗ್ರಾಂ. ಮೂರು ಕಿಲೋಮೀಟರ್ ಎಂದರೆ ಮೂರು ಲಕ್ಷ ಸೆಂಟಿಮೀಟರ್. ಅಂದರೆ ಕೆಳಗಿನ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ, 800 ಕಿಲೋಗ್ರಾಂಗೂ ಹೆಚ್ಚು ಭಾರ! ಅದಿರನ್ನು ತೆಗೆದು ಜಾಗ ಖಾಲಿ ಮಾಡಿದರೆ ಆ ಭಾರವೆಲ್ಲ ಸುತ್ತಲಿನ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಕೋಲಾರದಲ್ಲಿ ಇಂಥ ಸಿಡಿತ ಮೊದಲು ದಾಖಲಾದದ್ದು 1898ರಲ್ಲಿ, ಉರಿಗಾಂ ಗಣಿಯಲ್ಲಿ. ಇದರ ಜೊತೆಗೆ ಕಾವು ಬೇರೆ. ತೀರಾ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಮೇಲಿನಿಂದ ತಂಪುಗಾಳಿ ಹರಿಸದೆ ಅಲ್ಲಿ ಮನುಷ್ಯ ನಿಲ್ಲುವಂತೆಯೇ ಇರಲಿಲ್ಲ.

ಒಂದು ಸಿಡಿತದ ಬೆನ್ನಿಗೇ ಇನ್ನೊಂದು ಬರಬಹುದು. ಕಾಪಾಡಲು ಹೋದವರ ತಲೆಯ ಮೇಲೂ ಅದೇ ಬಂಡೆಯೇ ಇದೆ. ಹೀಗಾಗಿ ಗಣಿಯಲ್ಲಿ ‘ಧೈರ್ಯವಂತರು ಮುಂದೆ ಬನ್ನಿ’ ಎಂದು ಕೂಗಿ ಜನ ಸೇರಿಸುವ ಪದ್ಧತಿಗೆ ಬೆಲೆಯಿಲ್ಲ. ಅಲ್ಲಿ ಬೇಕಾದುದು ಮೊದಲೇ ಮಾಡಿಟ್ಟ ಸಿದ್ಧತೆ. 1952ರ ಗಣಿ ಕಾಯಿದೆಯೇ ಇದನ್ನು ವಿಧಿಸಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದ್ದರೆ ಸಾಲದು, ತರಬೇತಾದ ಜವಾಬ್ದಾರಿಯುತ ವ್ಯಕ್ತಿಯ ವಶದಲ್ಲಿ ಅದು ಇರಬೇಕು, ಕೆಲಸ ನಡೆಯುವಷ್ಟು ಹೊತ್ತೂ ಆತ ಕೈಗೆ ಸಿಗುವಂತಿರಬೇಕು. 150ಕ್ಕಿಂತ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಪ್ರಥಮ ಚಿಕಿತ್ಸಾ ಕೊಠಡಿ ಇರಲೇಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವ ಏರ್ಪಾಡೂ ಇರಬೇಕು. ಮುಂದೆ 1985ರಲ್ಲಿ ಗಣಿ ರಕ್ಷಣೆಗೆಂದೇ ಪ್ರತ್ಯೇಕ ನಿಯಮಾವಳಿ ಬಂತು.

ತಾನು ಉಳಿದರೆ ತಾನೇ?

ಗಣಿ ರಕ್ಷಣೆಯ ಶಾಸ್ತ್ರ ಜಗತ್ತಿನ ಎಲ್ಲ ಕಡೆಯೂ ಒಂದೇ ಮಾತಿನಿಂದ ಆರಂಭವಾಗುತ್ತದೆ – ಮೊದಲು ನಿನ್ನ ಉಸಿರು, ಆಮೇಲೆ ಇನ್ನೊಬ್ಬನದು. ಕೇಳಲು ಇದು ಸ್ವಾರ್ಥದಂತೆ ಕಾಣುತ್ತದೆ. ಹಿಂದಿನ ವಿಜ್ಞಾನ ನೋಡಿದರೆ ಅನುಮಾನ ಕರಗುತ್ತದೆ.

ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ಇರುತ್ತದೆ. ಅದು ಶೇ 16ಕ್ಕೆ ಇಳಿದರೆ ತಲೆ ಮಂಕಾಗಿ ತೀರ್ಮಾನಗಳು ತಪ್ಪತೊಡಗುತ್ತವೆ. ಶೇ 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುತ್ತದೆ. ಶೇ 6ರ ಹತ್ತಿರ ಬಂದರೆ ಕೆಲವೇ ನಿಮಿಷಗಳಲ್ಲಿ ಸಾವು. ಇನ್ನು ಬೆಂಕಿ ಬಿದ್ದಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ಅನಿಲ ಅದು. ಇಂಥ ಕಡೆ ಬರಿಮೂಗಿನಲ್ಲಿ ಓಡಿದವನು ಕಾಪಾಡುವವನಾಗುವುದಿಲ್ಲ, ಎರಡನೆಯ ಬಲಿಯಾಗುತ್ತಾನೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಒಂದು ಅಂಶ ಕಣ್ಣು ತೆರೆಸುವಂತಿದೆ: ತೊಟ್ಟಿ, ಗುಂಡಿ, ಸುರಂಗಗಳಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ, ಮೊದಲು ಬಿದ್ದವರನ್ನು ಎತ್ತಲು ಹೋದವರು!

ಕೆ.ಜಿ.ಎಫ್.ಗೆ ಈ ಪಾಠ ಹೊಸದಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಮುಚ್ಚಿದ ಗಣಿಯೊಳಗೆ ಕಳ್ಳತನದಿಂದ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಗಾಳಿಯ ಹರಿವು ನಿಂತ ಸುರಂಗ ಹಾಗೇ ಬಾಯಿ ತೆರೆದು ಕಾದಿರುತ್ತದೆ. ಅಂಥಲ್ಲಿಂದ ದೇಹಗಳನ್ನು ಹೊರತೆಗೆಯುವ ಕೆಲಸವೂ ಜೀವವನ್ನು ಪಣಕ್ಕಿಟ್ಟು ಮಾಡುವ ಕೆಲಸವೇ.

ಗಣಿ ರಕ್ಷಣಾ ತಂಡದ ಶಿಸ್ತು ಇಲ್ಲಿ ಗಮನಾರ್ಹ. ಒಬ್ಬಂಟಿಯಾಗಿ ಯಾರೂ ಒಳಗೆ ಹೋಗುವಂತಿಲ್ಲ; ಐವರಾದರೂ ಇರಬೇಕು. ಶುದ್ಧ ಗಾಳಿ ಸಿಗುವ ಕೊನೆಯ ತಾಣದಲ್ಲಿ ಒಂದು ನೆಲೆ. ಅಲ್ಲಿ ಇನ್ನೊಂದು ತಂಡ ಉಪಕರಣ ಸಜ್ಜು ಮಾಡಿಕೊಂಡು ಸುಮ್ಮನೆ ಕುಳಿತಿರಬೇಕು. ಒಳಹೋದ ತಂಡದ ನಾಯಕ ಆಗಾಗ ಪ್ರತಿಯೊಬ್ಬರ ಆಮ್ಲಜನಕದ ಒತ್ತಡ ನೋಡುತ್ತಾನೆ. ಯಾರ ಸಿಲಿಂಡರಿನಲ್ಲಿ ಅತಿ ಕಡಿಮೆ ಉಳಿದಿದೆಯೋ ಅವನ ಲೆಕ್ಕದ ಮೇಲೆ ಇಡೀ ತಂಡ ಹಿಂದಿರುಗುತ್ತದೆ. ಬಲಶಾಲಿಯ ಶಕ್ತಿಯನ್ನಲ್ಲ, ದಣಿದವನ ಮಿತಿಯನ್ನು ಅಳತೆಗೋಲು ಮಾಡಿಕೊಂಡ ಪದ್ಧತಿ ಇದು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ರಕ್ಷಿಸು ಎಂದೂ ಅರ್ಥ, ಎದುರುನೋಡುತ್ತ ನಿಲ್ಲು ಎಂದೂ ಅರ್ಥ. ತುರ್ತು ಸೇವೆಯಲ್ಲಿ ಎರಡೂ ಒಂದೇ ಕೆಲಸ. ಸಿದ್ಧನಾಗಿ ಕಾದು ಕುಳಿತವನು ಮಾತ್ರ ಇನ್ನೊಬ್ಬನನ್ನು ಕಾಯಬಲ್ಲ. ಆದರೆ ಕಾದು ಕುಳಿತಿರುವುದು ಹೊರಗಿನವರ ಕಣ್ಣಿಗೆ ಕೆಲಸವಾಗಿ ಕಾಣುವುದಿಲ್ಲ. ಇಂದಿನ ಆಂಬುಲೆನ್ಸ್ ಸಿಬ್ಬಂದಿಯ ಅರ್ಧಕ್ಕರ್ಧ ಸಮಸ್ಯೆಗಳ ಮೂಲ ಇದೇ.

ಆಸ್ಪತ್ರೆ ಮುಚ್ಚಿತು, ಸಿದ್ಧತೆ ಕರಗಿತು

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಗಣಿಗಳನ್ನು ಮುಚ್ಚಿತು. ಸಂಬಳದ ಜೊತೆಗೆ ಗಣಿಯ ಆಸ್ಪತ್ರೆಯ ಆಸರೆಯೂ ಜನರ ಕೈತಪ್ಪಿತು. ಸಾವಿರಾರು ಮಂದಿ ಕೆಲಸಕ್ಕಾಗಿ ಬೆಂಗಳೂರಿನ ರೈಲು ಹಿಡಿದರು. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ನಿಲ್ದಾಣಗಳಿಂದ ಹೊರಟು ಕತ್ತಲಾದ ಮೇಲೆ ಮರಳುವ ದಿನಚರಿ ಇಂದಿಗೂ ನಡೆದಿದೆ. ತುರ್ತು ಸೇವೆಯ ದೃಷ್ಟಿಯಿಂದ ಇದಕ್ಕೆ ಒಂದು ಅರ್ಥವಿದೆ. ಹಗಲಿನಲ್ಲಿ ಎಷ್ಟೋ ಮನೆಗಳಲ್ಲಿ ಉಳಿಯುವವರು ವೃದ್ಧರು ಮತ್ತು ಮಕ್ಕಳು. ಅವರಲ್ಲಿ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಹಳೆಯ ಗಣಿಕಾರ್ಮಿಕರೂ ಇದ್ದಾರೆ. ಏದುಸಿರು ಬಂದು ಕುಸಿದರೆ ಎತ್ತಿ ಕೂರಿಸುವ ಕೈಗಳು ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿರುತ್ತವೆ.

2021ರಲ್ಲಿ ಕೋವಿಡ್ ಎರಡನೆಯ ಅಲೆ ಅಪ್ಪಳಿಸಿದಾಗ ಸುಮಾರು ಎರಡು ದಶಕ ಬೀಗ ಹಾಕಿದ್ದ ಬಿ.ಜಿ.ಎಂ.ಎಲ್. ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ, ತೊಳೆದು, ಕೆಲವೇ ದಿನಗಳಲ್ಲಿ ಬಳಕೆಗೆ ತಂದರು. ಊರಿನ ಜನರ ಛಲಕ್ಕೆ ಅದೊಂದು ಮೆಚ್ಚತಕ್ಕ ಸಾಕ್ಷಿ. ಅದರಲ್ಲೇ ಒಂದು ಎಚ್ಚರಿಕೆಯೂ ಅಡಗಿದೆ. ಕಟ್ಟಡವನ್ನು ವಾರಗಳಲ್ಲಿ ಎಬ್ಬಿಸಿ ನಿಲ್ಲಿಸಬಹುದು. ತರಬೇತಾದ ಮನುಷ್ಯರನ್ನು ವಾರಗಳಲ್ಲಿ ಎಬ್ಬಿಸಿ ನಿಲ್ಲಿಸಲಾಗದು. ಅವರನ್ನು ಕಷ್ಟವಿಲ್ಲದ ಕಾಲದಲ್ಲೇ ಸಾಕಿಕೊಂಡಿರಬೇಕು.

ಯುದ್ಧಭೂಮಿಯಿಂದ 108ರವರೆಗೆ

ಗಾಯಾಳು ಇದ್ದಲ್ಲಿಗೇ ಚಿಕಿತ್ಸೆ ಹೋಗಬೇಕು ಎಂಬ ಯೋಚನೆಗೆ ಇನ್ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. 1790ರ ದಶಕದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಡೊಮಿನಿಕ್ ಲಾರ್‍ರೆ ಹಗುರವಾದ ಕುದುರೆಗಾಡಿಗಳನ್ನು ರಣರಂಗದೊಳಕ್ಕೇ ಓಡಿಸಿದ. ಗಾಯಾಳುವಿನ ದರ್ಜೆ ನೋಡದೆ, ಗಾಯದ ತೀವ್ರತೆ ನೋಡಿ ಮೊದಲ ಸರದಿ ಕೊಡಬೇಕು ಎಂಬುದೂ ಅವನ ನಿಲುವು. ಸೇನಾಪತಿಗಿಂತ ಮೊದಲು ಸಿಪಾಯಿಗೆ ಚಿಕಿತ್ಸೆ ಸಿಗಬಹುದು ಎಂಬ ಮಾತು ಆ ಕಾಲಕ್ಕೆ ಸಣ್ಣದಲ್ಲ.

1960ರಲ್ಲಿ ಅಮೆರಿಕದ ಕೋವೆನ್‌ಹೋವೆನ್, ಜೂಡ್ ಮತ್ತು ನಿಕ್ಕರ್‌ಬಾಕರ್, ಎದೆಯನ್ನು ಹೊರಗಿನಿಂದಲೇ ಒತ್ತಿ ನಿಂತ ಹೃದಯದ ರಕ್ತಸಂಚಾರವನ್ನು ಮುಂದುವರಿಸಬಹುದೆಂದು ತೋರಿಸಿದರು. ಕೋವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್ ಎಂಬುದು ಸ್ವಾರಸ್ಯ. 1967ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಕೆಲಸವಿಲ್ಲದ ಕಪ್ಪು ಜನಾಂಗದ ಯುವಕರಿಗೆ ಪೀಟರ್ ಸಫಾರ್ ಎಂಬ ವೈದ್ಯರು ಕಠಿಣ ತರಬೇತಿ ಕೊಡಿಸಿ, ಅವರನ್ನು ದೇಶಕ್ಕೇ ಮಾದರಿಯಾದ ‘ಪ್ಯಾರಾಮೆಡಿಕ್’ಗಳನ್ನಾಗಿ ರೂಪಿಸಿದರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ತೆರೆದಾಗ ಆ ಪ್ರವರ್ತಕರಲ್ಲಿ ಹೆಚ್ಚಿನವರು ಮೂಲೆಗುಂಪಾದರು. ಕೆಲಸ ಉಳಿಯಿತು, ಕೆಲಸಗಾರ ಉಳಿಯಲಿಲ್ಲ! ಈ ವೃತ್ತಿಯ ಹುಟ್ಟಿನಲ್ಲೇ ಅಂಟಿಕೊಂಡ ವ್ಯಥೆ ಇದು.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. ಅದಕ್ಕೆ ಮೊದಲು ಹಳ್ಳಿಯಲ್ಲಿ ಹೆರಿಗೆ ಕಷ್ಟವಾದರೆ ಎತ್ತಿನಗಾಡಿಯೋ, ಟೆಂಪೋವೋ, ಪುಣ್ಯವಿದ್ದರೆ ಯಾರದೋ ಜೀಪೋ ಸಿಗಬೇಕಿತ್ತು. ಈ ಹೋಲಿಕೆಯಲ್ಲಿ ಮೂರು ಅಂಕಿಗಳ ಆ ಸಂಖ್ಯೆ ಮಾಡಿದ ಉಪಕಾರ ದೊಡ್ಡದು.

ಮೊದಲು ಯಾವುದು?

ಆಂಬುಲೆನ್ಸ್ ಎಂದೊಡನೆ ಜನರ ಮನಸ್ಸಿಗೆ ಬರುವುದು ವೇಗ. ಸಿಬ್ಬಂದಿಯ ಆದ್ಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನ ವೇಗಕ್ಕಿಲ್ಲ. ಸ್ಥಳ ಸುರಕ್ಷಿತವೇ ಎಂದು ನೋಡುವುದು ಮೊದಲು – ತಂತಿ ಕಡಿದು ಬಿದ್ದಿದೆಯೇ, ಪೆಟ್ರೋಲ್ ಸೋರುತ್ತಿದೆಯೇ, ಹಿಂದಿನಿಂದ ಲಾರಿಗಳು ಬರುತ್ತಿವೆಯೇ? ಗಣಿಯ ನಿಯಮವೇ ರಸ್ತೆಗೂ. ಆಮೇಲೆ ಚಿಮ್ಮುವ ರಕ್ತವನ್ನು ತಡೆಯುವುದು. ವಯಸ್ಕರ ಮೈಯಲ್ಲಿರುವುದು ಸುಮಾರು ಐದು ಲೀಟರ್ ರಕ್ತ. ಎರಡು ಲೀಟರ್ ಹೋದರೆ ಪ್ರಾಣಕ್ಕೆ ಸಂಚಕಾರ. ಆಮೇಲೆ ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ. ಕುತ್ತಿಗೆ, ಬೆನ್ನುಮೂಳೆ ಅಲುಗದಂತೆ ಎತ್ತುವುದು. ಇಷ್ಟಾದ ಮೇಲೆ ಚಕ್ರಗಳು ಉರುಳಬೇಕು.

ವೇಗದ ಲೆಕ್ಕವನ್ನೂ ಒಮ್ಮೆ ನೋಡೋಣ. ಕೆ.ಜಿ.ಎಫ್.ನಿಂದ ಕೋಲಾರ ಸುಮಾರು 30 ಕಿಲೋಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 30 ನಿಮಿಷ. 80ಕ್ಕೆ ಏರಿಸಿದರೆ ಇಪ್ಪತ್ತೆರಡೂವರೆ ನಿಮಿಷ. ಉಳಿದದ್ದು ಏಳೂವರೆ ನಿಮಿಷ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಢಿಕ್ಕಿಯಾದರೆ ಆಗುವ ಹೊಡೆತ ಸುಮಾರು 1.8 ಪಟ್ಟು. ಓಡುವ ಗಾಡಿಯಲ್ಲಿ ನಿಂತು ಎದೆ ಒತ್ತುತ್ತಿರುವ ಇ.ಎಂ.ಟಿ.ಗೆ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಆಗುವುದಿಲ್ಲ. ರಸ್ತೆಯ ಒಂದೊಂದು ಗುಂಡಿಯೂ ಅವರ ಸೊಂಟಕ್ಕೆ, ರೋಗಿಯ ಮುರಿದ ಮೂಳೆಗೆ ಬೀಳುವ ಪೆಟ್ಟು. ಆ ಏಳೂವರೆ ನಿಮಿಷವನ್ನು ಗಳಿಸುವ ಸುಲಭ ದಾರಿ ಬೇರೆ ಇದೆ. ಕರೆ ಮಾಡಿದವರು ವಿಳಾಸವನ್ನು ಸರಿಯಾಗಿ ಹೇಳಿದರೆ, ರಸ್ತೆಯ ತಿರುವಿನಲ್ಲಿ ಒಬ್ಬರು ನಿಂತು ಕೈಬೀಸಿದರೆ, ವೇಗ ಹೆಚ್ಚಿಸದೆಯೇ ಅಷ್ಟು ಸಮಯ ಉಳಿಯಬಹುದು.

ಹೊಸ ಹೆದ್ದಾರಿ ಈ ಲೆಕ್ಕಕ್ಕೆ ಹೊಸ ತೂಕ ತಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಸುಮಾರು 70 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದು 120 ಕಿ.ಮೀ. ವೇಗಕ್ಕಾಗಿ ರೂಪಿಸಿದ ದಾರಿ. 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ 14 ಮೀಟರ್ ಎತ್ತರದಿಂದ ಬಿದ್ದಂತೆ. 120ರಲ್ಲಿ ಗುದ್ದಿದರೆ? ಎತ್ತರ ಇಮ್ಮಡಿಯಲ್ಲ, ನಾಲ್ಮಡಿ – ಸುಮಾರು 57 ಮೀಟರ್. ಹದಿನೆಂಟು ಅಂತಸ್ತಿನ ಕಟ್ಟಡದಿಂದ ಬಿದ್ದ ಲೆಕ್ಕ! ಇಂಥ ರಸ್ತೆಗೆ ಎಲ್ಲೆಂದರಲ್ಲಿ ಹತ್ತಲು, ಎಲ್ಲೆಂದರಲ್ಲಿ ತಿರುಗಲು ಆಗದು. ಗಾಯಾಳು ಇರುವುದು ಚೆನ್ನೈ ಕಡೆಗೆ ಹೋಗುವ ಬದಿಯಲ್ಲೋ ಬೆಂಗಳೂರಿನ ಕಡೆಗೆ ಬರುವ ಬದಿಯಲ್ಲೋ ಎಂಬುದು ಗೊತ್ತಾಗದಿದ್ದರೆ ಆಂಬುಲೆನ್ಸ್ ಮುಂದಿನ ಅಡ್ಡದಾರಿಯವರೆಗೆ ಹೋಗಿ ಸುತ್ತಿ ಬರಬೇಕು. ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹೋಗುತ್ತಿದ್ದ ದಿಕ್ಕನ್ನೂ ಹೇಳುವುದು, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ನ್ನು ನೆನಪಿಟ್ಟುಕೊಳ್ಳುವುದು ಈ ಸೀಮೆಯ ಪ್ರತಿ ಪ್ರಯಾಣಿಕನೂ ಕಲಿಯಬೇಕಾದ ಪಾಠ.

ಎಲ್ಲಿಗೆ ಒಯ್ಯಬೇಕು?

ಗಾಡಿ ಹೊರಟ ಮೇಲೂ ಪ್ರಶ್ನೆ ಮುಗಿಯದು. ಹತ್ತಿರದ ಆಸ್ಪತ್ರೆಗೋ, ತಕ್ಕ ಆಸ್ಪತ್ರೆಗೋ? ಬಂಗಾರಪೇಟೆಯ ಹಳ್ಳಿಯೊಂದರಲ್ಲಿ ಎದೆನೋವು ಬಂದವರನ್ನು ಕೋಲಾರಕ್ಕೆ ಒಯ್ದು, ಅಲ್ಲಿಂದ ಬೆಂಗಳೂರಿಗೆ ಅಟ್ಟಿ, ದಾರಿಯಲ್ಲೇ ಅಮೂಲ್ಯ ಗಂಟೆಗಳು ಕಳೆದ ಪ್ರಸಂಗಗಳು ಇಂಥ ಊರುಗಳಿಗೆ ಅಪರಿಚಿತವಲ್ಲ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ತಿರುಳು ಇಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಅದನ್ನು ದೂರದ ಹೃದ್ರೋಗ ತಜ್ಞರಿಗೆ ತಲುಪಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುವ ವ್ಯವಸ್ಥೆ ಅದು. ಇ.ಎಂ.ಟಿ.ಗೆ ಇದು ಗೊತ್ತಿದ್ದು, ಯಾವ ಆಸ್ಪತ್ರೆಯಲ್ಲಿ ಯಾವ ಹೊತ್ತಿನಲ್ಲಿ ಏನು ಸಿಗುತ್ತದೆ ಎಂಬ ತಾಜಾ ಮಾಹಿತಿ ಕೈಯಲ್ಲಿದ್ದರೆ ಮಾತ್ರ ಯೋಜನೆಯ ಫಲ ರೋಗಿಗೆ ಮುಟ್ಟುತ್ತದೆ.

ಹಾವು ಕಡಿತವೂ ಹಾಗೆಯೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ – ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಲಭ್ಯವಿದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ಮರಗಟ್ಟಿಸುತ್ತದೆ. ಆಗ ಮುಖಕ್ಕೆ ಮುಖವಾಡ ಹಿಡಿದು, ಗಾಳಿಚೀಲವನ್ನು ನಿಮಿಷಕ್ಕೆ ಹತ್ತಾರು ಬಾರಿ ಹಿಸುಕುತ್ತ ಆಸ್ಪತ್ರೆಯವರೆಗೆ ಉಸಿರನ್ನು ಕೊಡುವ ಕೈ ಇ.ಎಂ.ಟಿ.ಯದು. ಹೋಬಳಿಯ ಮಂತ್ರವಾದಿಯ ಬಳಿ ಕಳೆದ ಒಂದು ಗಂಟೆಯನ್ನು ಆ ಕೈ ಮರಳಿ ತರಲಾರದು.

ಕೆ.ಜಿ.ಎಫ್.ನಲ್ಲಿ ಇನ್ನೊಂದು ವಿಶೇಷ. ತಮಿಳು, ತೆಲುಗು, ಕನ್ನಡ, ಉರ್ದು – ಒಂದೇ ಬೀದಿಯಲ್ಲಿ ನಾಲ್ಕೂ ಕೇಳಿಬರುತ್ತವೆ. ‘ಎಲ್ಲಿ ನೋವು? ಯಾವಾಗಿನಿಂದ? ಯಾವ ಮಾತ್ರೆ ತಗೊಳ್ತೀರಿ?’ ಎಂಬ ಮೂರು ಪ್ರಶ್ನೆಗಳನ್ನು ನಾಲ್ಕು ಭಾಷೆಗಳಲ್ಲಿ ಕೇಳಬಲ್ಲ ಸಿಬ್ಬಂದಿ ಇಲ್ಲಿ ಅರ್ಧ ವೈದ್ಯನಿಗೆ ಸಮ. ಇದನ್ನು ಯಾವ ಯಂತ್ರವೂ ಒದಗಿಸದು. ಊರು ಬಲ್ಲವರನ್ನು ಊರಿನಲ್ಲೇ ಉಳಿಸಿಕೊಳ್ಳಬೇಕು, ಅಷ್ಟೇ.

ಕಾಡುವ ಚಿಂತೆಗಳು

ಉಳಿಸಿಕೊಳ್ಳುವುದು ಹೇಗೆ? ಇಲ್ಲಿಂದ ಚಿಂತೆಗಳ ಪಟ್ಟಿ ಶುರು. ಮೊದಲನೆಯದು ದಣಿವು. 12 ಗಂಟೆಯ ಪಾಳಿ ಈ ಸೇವೆಯಲ್ಲಿ ಸಾಮಾನ್ಯ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ 17 ಗಂಟೆ ಎಚ್ಚರವಿದ್ದವನ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿದ ಮಿತಿ ಶೇ 0.03. ಬೆಳಿಗ್ಗೆ ಆರಕ್ಕೆ ಎದ್ದು, ಹಗಲು ಮಲಗದೆ ರಾತ್ರಿ ಪಾಳಿಗೆ ಬಂದ ಪೈಲಟ್, ರಾತ್ರಿ 11ಕ್ಕೆ ಒಂದು ಹನಿ ಕುಡಿಯದೆಯೂ ಆ ಮಿತಿಯನ್ನು ಮೀರಿದ ಸ್ಥಿತಿಯಲ್ಲಿರುತ್ತಾನೆ. ಅವನ ಪಾಳಿ ಮುಗಿಯಲು ಇನ್ನೂ ಇಡೀ ರಾತ್ರಿ ಇದೆ! ದಣಿದವನ ಸಿಲಿಂಡರ್ ನೋಡಿ ತಂಡವನ್ನು ಹಿಂದಿರುಗಿಸುವ ಗಣಿಯ ನಿಯಮಕ್ಕೆ ರಸ್ತೆಯಲ್ಲಿ ಸಮನಾದ ನಿಯಮ ಬೇಡವೇ?

ಎರಡನೆಯದು ಸಂಬಳ ಮತ್ತು ಭದ್ರತೆ. ರಾಜ್ಯದ 108 ಸಿಬ್ಬಂದಿ ಬಾಕಿ ವೇತನಕ್ಕಾಗಿ 2024ರ ಮೇ ತಿಂಗಳಲ್ಲಿ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಜನರ ಪ್ರಾಣ ಕೈಯಲ್ಲಿ ಹಿಡಿದವರು ಮನೆಯ ಬಾಡಿಗೆಯ ಚಿಂತೆಯಲ್ಲಿ ಸ್ಟೀರಿಂಗ್ ಹಿಡಿಯುವುದು ಯಾರಿಗೂ ಕ್ಷೇಮವಲ್ಲ. ಇತ್ತ ಮುಷ್ಕರ ಹೂಡಿದರೆ ಬಡ ರೋಗಿಗೆ ಸಂಕಟ. ನ್ಯಾಯವಾದ ಬೇಡಿಕೆಯನ್ನು ಮುಂದಿಡಲು ಕೂಡ ಕೈಕಟ್ಟಿದಂಥ ಸ್ಥಿತಿ ಇದು. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ 108 ಕರೆಗಳೇ ಅಸ್ತವ್ಯಸ್ತವಾದಾಗ ಈ ಸೇವೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ನಾಡಿಗೇ ಅರಿವಾಯಿತು.

ಮೂರನೆಯದು ಮಾನ್ಯತೆ. ವೈದ್ಯರಿಗೆ, ದಾದಿಯರಿಗೆ, ಔಷಧ ವ್ಯಾಪಾರಿಗಳಿಗೆ ಇರುವಂತೆ ಈ ವೃತ್ತಿಗೆ ದೇಶದಲ್ಲಿ ಬಹುಕಾಲ ಮಂಡಳಿಯಾಗಲಿ ನೋಂದಣಿಯಾಗಲಿ ಇರಲಿಲ್ಲ. 2021ರಲ್ಲಿ ಸಂಸತ್ತು ಒಪ್ಪಿದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿತು. ಕಾಗದದ ಮೇಲಿನ ಈ ಗೌರವ ವೇತನದ ಚೀಟಿಗೂ, ಬಡ್ತಿಗೂ, ಮರುತರಬೇತಿಗೂ ಇಳಿದು ಬರಬೇಕು.

ನಾಲ್ಕನೆಯದು ಮೈಮೇಲೆ ಬೀಳುವ ಕೈ. ‘ತಡವಾಗಿ ಬಂದಿರಿ’ ಎಂಬ ಸಿಟ್ಟು ಎದುರಿಗೆ ಸಿಕ್ಕ ಮೊದಲ ಸಮವಸ್ತ್ರದ ಮೇಲೆ ತಿರುಗುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ. ಆದರೆ ನಡುರಾತ್ರಿ ಗುಂಪಿನ ಮಧ್ಯೆ ನಿಂತ ಇಬ್ಬರಿಗೆ ಕಾನೂನಿನ ಪುಸ್ತಕ ಗುರಾಣಿಯಾಗದು. ಕಾಪಾಡುವುದು ಊರಿನ ಹಿರಿಯರೊಬ್ಬರ ‘ದಾರಿ ಬಿಡ್ರಪ್ಪ’ ಎಂಬ ಮಾತು.

ಐದನೆಯದು ಮನಸ್ಸಿನೊಳಗಿನ ಗಾಯ. ಚೂಪು ಸೂಜಿ ಚುಚ್ಚಿ ಅಂಟುವ ಹೆಪಟೈಟಿಸ್ ಬಿ. ಸೋಂಕಿಗೆ ಲಸಿಕೆ ಇದೆ. ಭಾರ ಎತ್ತಿ ಹಿಡಿದ ಸೊಂಟಕ್ಕೆ ಮುಲಾಮು ಇದೆ. ಕೈಯಲ್ಲೇ ಉಸಿರು ಬಿಟ್ಟ ಮಗುವಿನ ನೆನಪಿಗೆ? ಗಣಿಯಲ್ಲಿ ದುರಂತ ನಡೆದರೆ ಊರಿಗೆ ಊರೇ ಒಟ್ಟಿಗೆ ಶೋಕಿಸುತ್ತಿತ್ತು. ರಕ್ಷಣಾ ತಂಡದವನ ದುಃಖಕ್ಕೂ ಅಲ್ಲಿ ಪಾಲುಗಾರರಿದ್ದರು. ಇಂದು ಇ.ಎಂ.ಟಿ. ಗಾಡಿಯ ನೆಲ ತೊಳೆದು, ಕೈಗವಸು ಬದಲಿಸಿ, ಮುಂದಿನ ಕರೆಗೆ ಹೊರಡಬೇಕು. ಮಾತಾಡಲು ಅರ್ಧ ಗಂಟೆ, ಕೇಳಲು ಒಬ್ಬ ಅನುಭವಿ – ಇಷ್ಟನ್ನು ಪಾಳಿಯ ಭಾಗವಾಗಿಯೇ ಒದಗಿಸಲು ದೊಡ್ಡ ಖರ್ಚೇನೂ ಬೇಕಿಲ್ಲ.

ಜನರ ಪಾಲು

ಹೃದಯ ನಿಂತ ಮೇಲೆ ಮಿದುಳಿನ ಜೀವಕೋಶಗಳು ನಾಲ್ಕರಿಂದ ಆರು ನಿಮಿಷದಲ್ಲಿ ಸಾಯತೊಡಗುತ್ತವೆ. ಅಷ್ಟರೊಳಗೆ ಪ್ರತಿ ಮನೆಗೂ ತಲುಪುವ ಆಂಬುಲೆನ್ಸ್ ಜಗತ್ತಿನ ಯಾವ ದೇಶದಲ್ಲೂ ಇಲ್ಲ. ಹೀಗಾಗಿ ಮೊದಲ ಇ.ಎಂ.ಟಿ. ಎಂದರೆ ಪಕ್ಕದಲ್ಲಿರುವವರೇ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದವರ ಎದೆಯ ನಡುವೆ ಎರಡೂ ಅಂಗೈ ಜೋಡಿಸಿ, ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿದ್ದರೆ ಮಿದುಳಿಗೆ ಅಷ್ಟಿಷ್ಟು ರಕ್ತ ಹರಿಯುತ್ತದೆ. ಪ್ರೌಢಶಾಲೆಯ ಮಕ್ಕಳೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಹಗಲೆಲ್ಲ ಅಜ್ಜ ಅಜ್ಜಿಯರ ಜೊತೆ ಮಕ್ಕಳೇ ಇರುವ ಕೆ.ಜಿ.ಎಫ್.ನಂಥ ಊರಿನಲ್ಲಿ ಇದು ಪಠ್ಯದ ಹೊರಗಿನ ಹವ್ಯಾಸವಾಗದೆ ಪಾಠವೇ ಆಗಬೇಕು.

ಅಪಘಾತದಲ್ಲಿ ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹಳೆಯ ಹೆದರಿಕೆಗೂ ಈಗ ಕಾರಣವಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲೇ ಸಹಾಯಕರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ರೂಪಿಸಿದ 2016ರ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳದೆಯೂ ಹೊರಡಬಹುದು.

ಇನ್ನು ಸುಳ್ಳು ಕರೆ ಮಾಡದಿರುವುದು, ಸೈರನ್ ಕೇಳಿದರೆ ಎಡಕ್ಕೆ ಸರಿಯುವುದು, ಆಂಬುಲೆನ್ಸಿನ ಹಿಂದೆಯೇ ಬೈಕ್ ಓಡಿಸದಿರುವುದು, ರೋಗಿಯ ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟು ಕೈಗೆ ಸಿಗುವಂತೆ ತೂಗುಹಾಕುವುದು – ಇವು ಕಾಸು ಖರ್ಚಿಲ್ಲದ ಉಪಕಾರಗಳು. ನಿಲ್ದಾಣದ ಬಳಿಯೋ ಆಸ್ಪತ್ರೆಯ ಮುಂದೋ ಸುಮ್ಮನೆ ನಿಂತ 108 ಗಾಡಿಯನ್ನು ಕಂಡು ‘ಇವರಿಗೇನು, ಕೂತು ಸಂಬಳ’ ಎನ್ನುವ ನಾಲಿಗೆಯನ್ನು ತಡೆದುಕೊಳ್ಳುವುದೂ ಅಂಥದೇ ಒಂದು ಉಪಕಾರ. ಗಣಿಯ ಶುದ್ಧ ಗಾಳಿಯ ನೆಲೆಯಲ್ಲಿ ಎರಡನೆಯ ತಂಡ ಸುಮ್ಮನೆ ಕುಳಿತಿರುತ್ತಿತ್ತಲ್ಲ, ಒಳಹೋದವರು ಧೈರ್ಯವಾಗಿ ಹೆಜ್ಜೆ ಇಡುತ್ತಿದ್ದುದು ಅವರ ಭರವಸೆಯ ಮೇಲೆ. ನಿಂತ ಆಂಬುಲೆನ್ಸ್ ಎಂದರೆ ವ್ಯರ್ಥವಾದ ಆಂಬುಲೆನ್ಸ್ ಅಲ್ಲ. ಮುಂದಿನ ಕರೆಗೆ ಸಿದ್ಧವಾದ ಆಂಬುಲೆನ್ಸ್. ಆ ಕರೆ ಯಾರ ಮನೆಯಿಂದ ಹೋದೀತು ಎಂದು ಇವತ್ತು ಯಾರಿಗೂ ಹೇಳಲಾಗದು.